ಶಾಸಕರೇ, ‘ಪಾಪ್ಯುಲಿಸಂ’ ಎಂದು ಯಾವುದನ್ನು ಕರೆಯುತ್ತಿದ್ದೀರಿ?

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ. ಈಚಿನ ಸಭೆಯೊಂದರಲ್ಲಿ ನೀವು ಹೆಂಗಸರ ಉಚಿತ ಬಸ್ ಪ್ರಯಾಣವನ್ನು ‘ಬರೀ ಪಾಪ್ಯುಲಿಸಂ’, ಅಂದರೆ ಜನರನ್ನು ಮೆಚ್ಚಿಸುವ ರಾಜಕೀಯ, ಎಂದು ಜರೆದಿರಿ. ಅದೇ ಭಾಷಣದಲ್ಲಿ, ‘ಅಪಾರ್ಟ್‌ಮೆಂಟಿನ ಎಲೈಟ್‌ಗಳು ಏನೇ ಹೇಳಲಿ, ನಿಜವಾದ ಜನ ನನ್ನ ಜೊತೆಗಿದ್ದಾರೆ’ ಎಂದೂ ಹೇಳಿದಿರಿ. ಆ ಪದ ಒಪ್ಪುವುದು ನಿಮ್ಮ ಎರಡನೆಯ ಮಾತಿಗೆ.

ಪಾಪ್ಯುಲಿಸ್ಟ್ ಎಂಬ ಹೆಸರು ಹೆಚ್ಚು ಬಳಕೆಗೆ ಬಂದದ್ದು ಅಮೆರಿಕದ ರೈತರಿಂದ. ಹತ್ತಿ, ಗೋಧಿಯ ಬೆಲೆ ಬಿದ್ದುಹೋಗಿತ್ತು. ಸಾಗಣೆ ದರ ರೈಲು ಕಂಪನಿಗಳು ಹೇಳಿದ್ದು, ಬಡ್ಡಿ ಸಾಲ ಕೊಟ್ಟವರು ಹೇಳಿದ್ದು. 1892ರಲ್ಲಿ ಅವರ ಪೀಪಲ್ಸ್ ಪಾರ್ಟಿ ಒಮಾಹಾ ನಗರದಲ್ಲಿ ಸೇರಿ ತನ್ನ ಬೇಡಿಕೆಗಳನ್ನು ಮುಂದಿಟ್ಟಿತು. ರೈಲು ಸರ್ಕಾರದ ಒಡೆತನಕ್ಕೆ ಬರಬೇಕು, ಆದಾಯ ಏರಿದಂತೆ ತೆರಿಗೆಯೂ ಏರಬೇಕು, ಸೆನೆಟರುಗಳನ್ನು ಜನರೇ ನೇರವಾಗಿ ಆರಿಸಬೇಕು. ಆ ವರ್ಷ ಅವರ ಅಭ್ಯರ್ಥಿ ಜೇಮ್ಸ್ ವೀವರ್‌ಗೆ 10 ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಪಕ್ಷ ಬಹಳ ಕಾಲ ಬಾಳಲಿಲ್ಲ. ಆದರೆ ಕೇಂದ್ರ ಸರ್ಕಾರದ ಆದಾಯ ತೆರಿಗೆಗೂ ಸೆನೆಟರುಗಳ ನೇರ ಚುನಾವಣೆಗೂ 1913ರಲ್ಲಿ ಸಂವಿಧಾನ ತಿದ್ದುಪಡಿಯೇ ಆಯಿತು. ಉಳ್ಳವರ ಕೈಯಲ್ಲಿದ್ದ ತೀರ್ಮಾನ ತಮ್ಮ ಕೈಗೂ ಬರಬೇಕು ಎಂಬುದೇ ಆ ರೈತರ ಹಟವಾಗಿತ್ತು.

ಇಂದು ರಾಜಕೀಯ ಚಿಂತಕರು ಅದೇ ಪದವನ್ನು ಎಚ್ಚರಿಕೆಗೂ ಬಳಸುತ್ತಾರೆ. ಉಳ್ಳವರನ್ನು ಟೀಕಿಸಿದವರೆಲ್ಲ ಪಾಪ್ಯುಲಿಸ್ಟರಲ್ಲ. ‘ನಿಜವಾದ ಜನರಿಗೆ ನಾನೊಬ್ಬನೇ ಪ್ರತಿನಿಧಿ, ನನ್ನನ್ನು ಒಪ್ಪದವರು ಜನರೇ ಅಲ್ಲ’ ಎನ್ನುವವರು ಪಾಪ್ಯುಲಿಸ್ಟರು ಎನ್ನುತ್ತಾರೆ ಅಂಥ ಚಿಂತಕರಲ್ಲೊಬ್ಬರಾದ ಯಾನ್ ವರ್ನರ್ ಮ್ಯುಲರ್. ನಿಮ್ಮ ಭಾಷಣ ಕೇಳುವಾಗ ನನಗೆ ಭಯವಾದದ್ದು ಇಲ್ಲೇ. ಅಪಾರ್ಟ್‌ಮೆಂಟಿನಲ್ಲಿರುವವರೂ ನಿಮ್ಮ ಮತದಾರರೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಅವರೂ ಟ್ಯಾಂಕರಿಗೆ ಕಾದರು. ಈ ಬೆಂಗಳೂರಿನಲ್ಲಿ ಎಲೈಟ್ ಯಾರೆಂದು ಹೇಳಬೇಕಿದ್ದರೆ ಸರ್ಕಾರ ಸ್ವಾಧೀನಕ್ಕೆ ಗುರುತಿಸಿದ ಜಮೀನನ್ನು ಡಿನೋಟಿಫಿಕೇಷನ್ ಮಾಡಿಸಿ ಬಿಡಿಸಿಕೊಳ್ಳಬಲ್ಲವರ, ಮಳೆನೀರು ಹರಿಯುವ ರಾಜಕಾಲುವೆಯ ಮೇಲೆ ಲೇಔಟ್ ಎಬ್ಬಿಸಿಯೂ ದಕ್ಕಿಸಿಕೊಳ್ಳಬಲ್ಲವರ ಹೆಸರು ಹೇಳಿ. ಭಾಷಣದಲ್ಲಿ ಅವರ ಸುದ್ದಿಯೇ ಬರಲಿಲ್ಲ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಈ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಅದರ ಖರ್ಚು ಹೆಚ್ಚು ಎನ್ನಿ, ಸಾರಿಗೆ ನಿಗಮಗಳಿಗೆ ಸರ್ಕಾರ ಹಣ ತುಂಬಿಕೊಟ್ಟಿದೆಯೇ ಎಂದು ಸದನದಲ್ಲಿ ಲೆಕ್ಕ ಕೇಳಿ; ಅದು ನಿಮ್ಮ ಕೆಲಸ. ಪೀಣ್ಯಕ್ಕೋ ಬೊಮ್ಮನಹಳ್ಳಿಗೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳ ಕೈಯಲ್ಲಿ ಉಳಿಯುವ ಬಸ್ ಚಾರ್ಜನ್ನು ಬೈಗುಳದ ದನಿಯಲ್ಲಿ ಹೆಸರಿಸಬೇಡಿ.

ಉಳ್ಳವರನ್ನು ಎದುರು ಹಾಕಿಕೊಳ್ಳುವುದು ಹೇಗೆಂದು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಲು ಭೂನ್ಯಾಯಮಂಡಳಿಗಳು ಬಂದವು. ಅಲ್ಲಿ ವಕೀಲರು ವಾದಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದ್ದರು. ದೊಡ್ಡ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಭೂಮಾಲೀಕರಿಗಿತ್ತು, ಗೇಣಿದಾರರಿಗಿರಲಿಲ್ಲ. ಆ ಒಂದು ಕಲಮು ನನಗೆ ನೂರು ಭಾಷಣಕ್ಕಿಂತ ದೊಡ್ಡದು.

ನಮ್ಮ ನಗರದಲ್ಲಿ ಆದದ್ದೇನು? 2015ರಲ್ಲಿ ನಾವು ಆರಿಸಿದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 198 ವಾರ್ಡುಗಳ ಊರನ್ನು ಆಮೇಲೆ ಐದು ವರ್ಷ ಒಬ್ಬ ಕಾರ್ಪೊರೇಟರೂ ಇಲ್ಲದೆ ಆಡಳಿತಾಧಿಕಾರಿಗಳು ನಡೆಸಿದರು. 2025ರಲ್ಲಿ ಪಾಲಿಕೆಯನ್ನು ಐದಾಗಿ ಒಡೆದಾಗಲೂ ತೀರ್ಮಾನ ನಮ್ಮನ್ನು ಕೇಳಿ ಆದದ್ದಲ್ಲ. ಆ ವರ್ಷಗಳಲ್ಲಿ ಚರಂಡಿಯ ಹೂಳಿಗೂ ಬೀದಿ ದೀಪಕ್ಕೂ ನಿಮ್ಮ ಕಚೇರಿಯ ಬಾಗಿಲಿಗೇ ಬರಬೇಕಾಯಿತು. ಅಧಿಕಾರವೆಲ್ಲ ನಿಮ್ಮ ಸುತ್ತ ಸೇರಿಕೊಂಡಿತು, ಸ್ವಾಮಿ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ವಾರ್ಡ್ ಸಮಿತಿಯ ಸಭೆ ತಪ್ಪದೆ ನಡೆಯಲಿ. ಕಾಮಗಾರಿಯ ಪಟ್ಟಿ, ಮೊತ್ತ, ಗುತ್ತಿಗೆದಾರರ ಹೆಸರು ಟೆಂಡರಿಗೆ ಮೊದಲೂ ಬಿಲ್ಲಿಗೆ ಮೊದಲೂ ಆಯಾ ಹಂತಕ್ಕೆ ತಕ್ಕಂತೆ ಅಲ್ಲಿ ಓದಿ ಹೇಳಲಿ. ಪಾಲಿಕೆಗಳ ಚುನಾವಣೆ ಇನ್ನು ಮುಂದೆ ಐದು ವರ್ಷಕ್ಕೊಮ್ಮೆ ತಪ್ಪಬಾರದು ಎಂದು ಸದನದಲ್ಲಿ ನಿಮ್ಮ ಬಾಯಿಂದ ಬರಲಿ. ಉತ್ತರವನ್ನು ಮುಂದಿನ ಸಭೆಯಲ್ಲಿ ಎಲ್ಲರೆದುರು ಕೊಟ್ಟರೆ ಸಾಕು.

ಇಂತಿ,
ನಿಮ್ಮ ಕ್ಷೇತ್ರದ ಮತದಾರ
ಬೆಂಗಳೂರು