ಗುಂಡನಿಗೊಂದು ಪತ್ರ, ಮೂರನೇ ಸಿನಿಮಾದ ನೆಪದಲ್ಲಿ

ಲೋ ಗುಂಡಾ,

ಮೊನ್ನೆ ಫೋನ್ ಇಡೋ ಮುಂಚೆ ನೀನಂದ ಮಾತು ಇನ್ನೂ ತಲೆಯಲ್ಲಿ ಕೂತಿದೆ. ‘ಜಗಳ ಗಿಗಳ ಏನಿಲ್ಲಪ್ಪ. ಮಾತೇ ಇಲ್ಲ ಅಂದ್ಮೇಲೆ ಜಗಳ ಎಲ್ಲಿಂದ ಬರಬೇಕು? ಮಗನ ಫೀಸು, ಹಾಲಿನ ಲೆಕ್ಕ, ಅಮ್ಮನ ಬಿ.ಪಿ. ಮಾತ್ರೆ, ಅಷ್ಟೇ.’ ನಾನು ಏನೋ ತಮಾಷೆ ಮಾಡಿ ಹಾರಿಸಿಬಿಟ್ಟೆ. ಯಾಕೆ ಹಾರಿಸಿದೆ ಅಂದರೆ, ಮದುವೆಯಾಗಿ 16 ವರ್ಷ ತುಂಬಿದ ನಮ್ಮನೆಯಲ್ಲೂ ದಿನಗಟ್ಟಲೆ ಹೀಗೇ ಹೋಗುತ್ತೆ. ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ. ಒಂದು ಸಿನಿಮಾ ಹೇಳ್ತೀನಿ, ಕೇಳು.

ಹಾಸ್ಟೆಲಿಗೆ ಬಾಡಿಗೆ ಸಿ.ಡಿ. ತಂದು ‘ಬಿಫೋರ್ ಸನ್‌ರೈಸ್’ ನೋಡಿದ್ದೆವಲ್ಲ? ಅಮೆರಿಕದ ಹುಡುಗ ಜೆಸ್ಸಿ, ಫ್ರಾನ್ಸಿನ ಹುಡುಗಿ ಸೆಲೀನ್, ರೈಲಿನಲ್ಲಿ ಸಿಕ್ಕಿ, ವಿಯೆನ್ನಾದಲ್ಲಿ ಇಳಿದು, ಬೆಳಗಾಗೋವರೆಗೆ ಬರೀ ಮಾತಾಡ್ತಾ ನಡೆಯೋದು. ಅದಾದ ಮೇಲೆ ನೀನು ಎರಡು ತಿಂಗಳು ಮೈಸೂರು ರೈಲಿನಲ್ಲಿ ಕಿಟಕಿ ಪಕ್ಕ ಇಂಗ್ಲಿಷ್ ಪುಸ್ತಕ ಹಿಡಿದು ಕೂತೆ. ಎದುರು ಸೀಟಿಗೆ ಬಂದು ಕೂತವನು ಒಬ್ಬನೇ, ಮದ್ದೂರು ವಡೆ ಮಾರೋನು, ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳೋಕೆ.

ಅದು 1995ರ ಸಿನಿಮಾ. ಒಂಬತ್ತು ವರ್ಷ ಬಿಟ್ಟು 2004ರಲ್ಲಿ ‘ಬಿಫೋರ್ ಸನ್‌ಸೆಟ್’. ಪ್ಯಾರಿಸ್ಸಿನಲ್ಲಿ ಮತ್ತೆ ಸಿಕ್ಕರು. ಇನ್ನೊಂದು ಒಂಬತ್ತು ವರ್ಷಕ್ಕೆ, 2013ರಲ್ಲಿ, ‘ಬಿಫೋರ್ ಮಿಡ್‌ನೈಟ್’. ನಿರ್ದೇಶಕ ಅದೇ ರಿಚರ್ಡ್ ಲಿಂಕ್‌ಲೇಟರ್, ನಟರು ಅದೇ ಈಥನ್ ಹಾಕ್, ಜೂಲಿ ಡೆಲ್ಪಿ. ಮೂವರೂ ಸೇರಿ ಬರೆದ ಚಿತ್ರಕಥೆ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. ಮೇಕಪ್ಪು ಬಳಿದು ವಯಸ್ಸು ತೋರಿಸಿಲ್ಲ ಕಣೋ, ಇಬ್ಬರಿಗೂ ನಿಜವಾಗಿಯೇ ವಯಸ್ಸಾಗಿದೆ. ಜೆಸ್ಸಿಯ ಮುಖದ ಗೆರೆ ನೋಡಿ ನಾನು ಎದ್ದುಹೋಗಿ ಕನ್ನಡಿ ನೋಡಿಕೊಂಡೆ.

ಈ ಸಲ ಗ್ರೀಸ್. ಅವಳಿ ಹೆಣ್ಣುಮಕ್ಕಳು. ಜೆಸ್ಸಿಗೆ ಮೊದಲ ಮದುವೆಯ ಮಗನೊಬ್ಬ, ಶಿಕಾಗೋದಲ್ಲಿ ತಾಯಿ ಹತ್ತಿರ ಇರೋನು. ಬೇಸಗೆ ರಜೆ ಮುಗಿದು ಆ ಹುಡುಗನನ್ನು ಕಾಲಮಾಟಾ ವಿಮಾನನಿಲ್ದಾಣದಲ್ಲಿ ಬೀಳ್ಕೊಡೋದರಿಂದಲೇ ಸಿನಿಮಾ ಶುರು. ವಾಪಸು ಬರೋವಾಗ ಕಾರಿನಲ್ಲಿ ಒಂದು ಉದ್ದದ ದೃಶ್ಯ, ಹದಿಮೂರು ಹದಿನಾಲ್ಕು ನಿಮಿಷ. ಕ್ಯಾಮೆರಾ ಬಾನೆಟ್ ಮೇಲೆ ಕೂತಹಾಗೆ ಅಲ್ಲಾಡದೆ ನೋಡುತ್ತೆ. ಹಿಂದಿನ ಸೀಟಿನಲ್ಲಿ ಮಕ್ಕಳು ಬಾಯಿ ಬಿಟ್ಟುಕೊಂಡು ನಿದ್ದೆ. ಮಗಳ ಕೈಯಲ್ಲಿದ್ದ ಅರ್ಧ ತಿಂದ ಸೇಬನ್ನು ಅಪ್ಪ ಮೆಲ್ಲಗೆ ತೆಗೆದು ಕಚ್ಚುತ್ತಾನೆ. ಇಷ್ಟರಲ್ಲಿ ಜೆಸ್ಸಿ, ಮಗ ಬೆಳೀತಿದಾನೆ, ನಾನು ಅವನ ಹತ್ತಿರ ಇರಬೇಕಿತ್ತು ಅಂತ ಒಂದು ಮಾತು ಬಿಡ್ತಾನೆ. ಸೆಲೀನ್ ಕೈಗೆ ಆಗಷ್ಟೇ ಒಳ್ಳೆಯ ಸರ್ಕಾರಿ ಕೆಲಸವೊಂದು ಬರೋದರಲ್ಲಿದೆ. ಅವಳು ತಟ್ಟನೆ, ನಾನು ಶಿಕಾಗೋಗೆ ಬರಲ್ಲ ಅಂತಾಳೆ. ‘ನಾನೆಲ್ಲಿ ಬಾ ಅಂದೆ?’ ಅಂತ ಅವನು. ಬಾಯಿಬಿಟ್ಟು ಕೇಳಿಲ್ಲ ಅನ್ನೋದೇನೋ ನಿಜ. ಅವಳಿಗೆ ಕೇಳಿಸಿದ್ದೂ ಸುಳ್ಳಲ್ಲ. ಮುಂದಿನ ಸಿನಿಮಾ ಪೂರ್ತಿ ಆ ಒಂದು ಮಾತು ಹುಣ್ಣಾಗೋ ಕಥೆ.

ನಡುವೆ ಮಧ್ಯಾಹ್ನದ ಊಟದ ದೃಶ್ಯವೊಂದಿದೆ. ಆಗತಾನೇ ಪ್ರೀತಿಯಲ್ಲಿ ಬಿದ್ದ ಹುಡುಗ ಹುಡುಗಿಯಿಂದ ಹಿಡಿದು ಗಂಡ ತೀರಿಕೊಂಡ ವಯಸ್ಸಾದ ಹೆಂಗಸಿನವರೆಗೆ ಎಲ್ಲರೂ ಒಂದೇ ಮೇಜಿನ ಸುತ್ತ. ಆತಿಥೇಯ ಮುದುಕನ ಪಾತ್ರ ಮಾಡಿರೋದು ವಾಲ್ಟರ್ ಲಾಸಲಿ. ನಿಜದಲ್ಲಿ ಆತ ‘ಜೋರ್ಬಾ ದಿ ಗ್ರೀಕ್’ಗೆ ಆಸ್ಕರ್ ಗೆದ್ದ ಛಾಯಾಗ್ರಾಹಕ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಹೆಂಗಸು, ನತಾಲಿಯಾ. ರಾತ್ರಿ ಮಲಗಿದಾಗ ಗಂಡನ ತೋಳು ಎದೆಯ ಮೇಲೆ ಬಿದ್ದಿರ್ತಿತ್ತಂತೆ, ಅಲುಗಾಡೋಕಾಗದೆ ಉಸಿರು ಹಿಡಿದು ಮಲಗಿರ್ತಿದ್ದಳಂತೆ. ಬೀದಿಯಲ್ಲಿ ಅವನು ಹಾಕ್ತಿದ್ದ ಶಿಳ್ಳೆ, ‘ಚಳಿಯಿದೆ, ಕೊರಳಿಗೆ ಸ್ಕಾರ್ಫ್ ಸುತ್ಕೋ’ ಅನ್ನೋ ಥರದ ಮಾತು, ಇಂಥವು ಮಾತ್ರ ನೆನಪು. ಈಗೀಗ ಅವೂ ಮಾಸ್ತಿವೆ ಅಂತಾಳೆ. ನಮ್ಮಜ್ಜಿ ಕೊನೇ ದಿನಗಳಲ್ಲಿ ತಾತನ ಹೊಗೆಸೊಪ್ಪಿನ ಡಬ್ಬಿ ತೆಗೆದು ಮೂಸ್ತಿದ್ದದ್ದು ನೀನೂ ನೋಡಿದ್ದೀಯ. ಬದುಕಿದ್ದಾಗ ಅದೇ ಡಬ್ಬಿಗೆ ದಿನಾ ಬೈಗುಳ.

ಇಲ್ಲೇ ಒಂದು ವಿಷಯ ಹೇಳಿಬಿಡ್ತೀನಿ. 1989ರಲ್ಲಿ ಲಿಂಕ್‌ಲೇಟರ್‌ಗೆ ಫಿಲಡೆಲ್ಫಿಯಾದ ಆಟಿಕೆ ಅಂಗಡಿಯೊಂದರಲ್ಲಿ ಒಬ್ಬ ಹುಡುಗಿ ಸಿಕ್ಕಿದ್ದಳು, ಏಮಿ ಲೆರ್‌ಹಾಪ್ಟ್ ಅಂತ. ರಾತ್ರಿಯಿಡೀ ಊರು ಸುತ್ತಿ ಮಾತಾಡಿದರು. ಆಮೇಲೆ ಫೋನು, ಹಾಗೇ ತಣ್ಣಗಾಯಿತು. ಮೊದಲ ಸಿನಿಮಾಕ್ಕೆ ಬೀಜ ಆ ರಾತ್ರಿ. ಯಾವುದಾದರೂ ಪ್ರದರ್ಶನಕ್ಕೆ ಅವಳು ಬಂದಾಳು ಅಂತ ಈತ ಕಾದಿದ್ದೇ ಬಂತು. ಆ ಸಿನಿಮಾದ ಚಿತ್ರೀಕರಣ ಶುರುವಾಗೋ ಮೊದಲೇ, 1994ರಲ್ಲಿ, ಅವಳು ಮೋಟಾರ್‌ಸೈಕಲ್ ಅಪಘಾತದಲ್ಲಿ ಹೋಗಿಬಿಟ್ಟಿದ್ದಳು. ಈತನಿಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಬರೀ ಜಗಳವೇ ಇರೋ ಈ ಮೂರನೇ ಸಿನಿಮಾವನ್ನು ಅವಳಿಗೆ ಅರ್ಪಿಸಿದ್ದಾನೆ. ಅವಳ ಜೊತೆ ಅವನಿಗೆ ಒಂದು ಜಗಳವೂ ಸಿಗಲಿಲ್ಲ.

ಜಗಳ ಅಂದರೆ ಹೋಟೆಲ್ ರೂಮಿನದು. ಗೆಳೆಯರು ಮಕ್ಕಳನ್ನು ನೋಡಿಕೊಳ್ತೀವಿ ಅಂತ ಇವರಿಬ್ಬರನ್ನೇ ಒಂದು ರಾತ್ರಿಗೆ ಕಳಿಸ್ತಾರೆ. ಸರಸಕ್ಕೆ ಶುರುವಾದದ್ದು ಮಗನ ಫೋನಿನಿಂದ ನಿಂತು, ಅಲ್ಲಿಂದ ಒಂದೊಂದೇ ಹಳೇ ಕಡತ ಬಿಚ್ಚಿಕೊಳ್ಳುತ್ತೆ. ಅವಳು ಬಾಗಿಲು ಎಳೆದುಕೊಂಡು ಹೋಗ್ತಾಳೆ, ಬರ್ತಾಳೆ, ಮತ್ತೆ ಹೋಗ್ತಾಳೆ. ಹತ್ತು ವರ್ಷದ ಹಿಂದೆ ಒಬ್ಬನೇ ನೋಡಿದಾಗ ನಾನು ಜೆಸ್ಸಿ ಪಾರ್ಟಿ. ಎಷ್ಟು ಸಮಾಧಾನವಾಗಿ ಮಾತಾಡ್ತಾನೆ, ಇವಳದು ಯಾಕೆ ಈ ಕೂಗಾಟ ಅನ್ನಿಸಿತ್ತು. ಹೋದ ತಿಂಗಳು ನಮ್ಮನೆಯವಳ ಜೊತೆ ಕೂತು ನೋಡಿದೆ. ಸೆಲೀನ್ ಅಲ್ಲಿ, ನನಗೆ ಯೋಚನೆ ಮಾಡೋಕೆ ಸಮಯ ಸಿಗೋದು ಆಫೀಸಿನ ಕಕ್ಕಸಿನಲ್ಲಿ ಮಾತ್ರ ಅಂತಾಳೆ. ಇವಳು ಎಂಥಾ ನಗು ನಕ್ಕಳು ಅಂದರೆ, ತೊಡೆ ಮೇಲಿದ್ದ ಹುರುಳಿಕಾಯಿ ತಟ್ಟೆ ಜಾರಿ ನೆಲಕ್ಕೆ. ಆಮೇಲೆ ರಿಮೋಟ್ ತಗೊಂಡು ನಿಲ್ಲಿಸಿದಳು. ಕಾಯಿ ಆರಿಸ್ತಾ ಕೇಳಿದಳು, ‘ನಂಗೆ ಹುಬ್ಬಳ್ಳಿಗೆ ಪ್ರಮೋಷನ್ ಬಂದಾಗ ನೀವೇನಂದ್ರಿ, ನೆನಪಿದೆಯಾ?’

ನನಗೆ ನೆನಪಿತ್ತು. ‘ಏನ್ ಮಾಡ್ತೀಯ?’ ಅಂದಿದ್ದೆ. ಪೂರ್ತಿ ನಿರ್ಧಾರ ಅವಳಿಗೇ ಬಿಟ್ಟ ದೊಡ್ಡ ಮನುಷ್ಯ ಅಂತ ಇಷ್ಟು ವರ್ಷ ಒಳಗೊಳಗೇ ಬೆನ್ನು ತಟ್ಟಿಕೊಂಡಿದ್ದೆ. ‘ಏನ್ ಮಾಡೋಣ ಅಂತ ಕೇಳಿದ್ರೆ ಸಾಕಿತ್ತು,’ ಅಂದಳು, ‘ಆಗಲೂ ಬಹುಶಃ ಹೋಗ್ತಿರಲಿಲ್ಲ.’ ಹನ್ನೊಂದು ವರ್ಷ ಇಟ್ಟುಕೊಂಡಿದ್ದಳು ಇದನ್ನ. ನಾನು ವಾದಿಸಿದೆ, ಅವಳು ಬಿಡಲಿಲ್ಲ, ಕುಕ್ಕರ್ ಇಡೋದು ಮರೆತು ರಾತ್ರಿ ಹತ್ತೂವರೆಗೆ ಅವಲಕ್ಕಿ ಕಲಸಿಕೊಂಡು ತಿಂದೆವು. ನಿನ್ನ ಭಾಷೆಯಲ್ಲಿ ಹೇಳೋದಾದರೆ ಫೀಸು, ಹಾಲು, ಮಾತ್ರೆ ಯಾವುದೂ ಇಲ್ಲದ ಮಾತು, ಎಷ್ಟೋ ತಿಂಗಳ ಮೇಲೆ.

ಕೊನೆಯ ದೃಶ್ಯ ಮಾರನೇ ದಿನ ನೋಡಿದೆವು. ನಿನ್ನ ಮೇಲೆ ಪ್ರೀತಿಯೇ ಉಳಿದಿಲ್ಲ ಅನ್ನೋ ಅರ್ಥದ ಮಾತು ಹೇಳಿ ಸೆಲೀನ್ ಹೋಗಿ ಸಮುದ್ರದ ಪಕ್ಕದ ಮೇಜಿನಲ್ಲಿ ಕೂತಿರ್ತಾಳೆ. ಇವನು ಹೋಗಿ, ನಾನು ಕಾಲಯಾನಿ, 82 ವರ್ಷದ ನೀನು ಒಂದು ಪತ್ರ ಕೊಟ್ಟು ಕಳಿಸಿದ್ದೀಯ ಅಂತ ಕೈಯಲ್ಲಿರೋ ಯಾವುದೋ ಕಾಗದ ಹಿಡಿದು ಓದೋ ನಾಟಕ ಮಾಡ್ತಾನೆ. ಅವಳು ಸುಮಾರು ಹೊತ್ತು ನಗಲ್ಲ. ಅವನಿಗೂ ರೇಗುತ್ತೆ. ಕೊನೆಗೆ ಅವಳೇ ಆಟದೊಳಕ್ಕೆ ಒಂದು ಹೆಜ್ಜೆ ಇಡ್ತಾಳೆ, ಅಷ್ಟೇ. ನನಗೆ ಗಂಟಲು ಕಟ್ಟಿತು. ಇವಳು ಮಾತ್ರ ಕರಗಲಿಲ್ಲ. ‘ಪತ್ರ ಚೆನ್ನಾಗಿ ಓದಿದ. ಬೆಳಗ್ಗೆ ಮಕ್ಕಳ ಬ್ಯಾಗ್ ಪ್ಯಾಕ್ ಮಾಡೋರು ಯಾರು?’

1995, 2004, 2013 ಅಂತ ಲೆಕ್ಕ ಹಾಕಿ 2022ಕ್ಕೆ ನಾಲ್ಕನೆಯದು ಬರುತ್ತೆ ಅಂತ ಕಾದಿದ್ದೆ. ಬರಲಿಲ್ಲ. ಬಂದಿದ್ದರೆ ಬ್ಯಾಗಿನ ವಿಷಯ ಇತ್ಯರ್ಥ ಆಗ್ತಿತ್ತೋ ಏನೋ.

ಶನಿವಾರ ರಾತ್ರಿ ನೋಡು, ಮಗ ಮಲಗಿದ ಮೇಲೆ (ಕಾರಣ ನೋಡಿದಾಗ ತಿಳಿಯುತ್ತೆ). ಒಬ್ಬನೇ ಕೂತು ಮೊಬೈಲಿನಲ್ಲಿ ಬೇಡ, ನಿಮ್ಮನೆಯವರ ಜೊತೆ ಟೀವಿಯಲ್ಲಿ. ಮೊದಲೆರಡು ಅವರು ನೋಡಿಲ್ಲದಿದ್ದರೂ ನಡೆಯುತ್ತೆ, ಆ ಜಗಳ ಯಾರಿಗೂ ಹೊಸದಲ್ಲ. ಇನ್ನೊಂದು. ಹೋಟೆಲ್ ರೂಮು ಬಂದಾಗ ನೀರು ಕುಡಿದು ಬರ್ತೀನಿ ಅಂತ ಎದ್ದುಹೋಗಬೇಡ. ನಾನು ಎರಡು ಸಲ ಎದ್ದೆ, ಮೂರನೇ ಸಲಕ್ಕೆ ಇವಳು ಚೊಂಬನ್ನೇ ತಂದು ಪಕ್ಕದಲ್ಲಿಟ್ಟಳು.

ಇಂತಿ,
ನಿನ್ನ ಹಳೇ ರೂಮ್‌ಮೇಟ್