ನಮ್ಮ ಮನೆಗೆ ಮಗಳು ಬಂದಿದ್ದಾಳೆ

ಕಳೆದ ತಿಂಗಳು ನಮಗೆ ಹೆಣ್ಣುಮಗು ಹುಟ್ಟಿದೆ. ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದಾರೆ. ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿನಿಂದ ಗುಣವಾದ ನಾನು ತಂದೆಯಾಗಲು ಕಾರಣರಾದವರಿಗೆ ಎಲ್ಲರೆದುರು ಕೃತಜ್ಞತೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ವಂದನೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಡಾಕ್ಟರಮ್ಮನವರಿಗೆ. ಕ್ಯಾನ್ಸರ್ ದೇಹದಲ್ಲಿ ಎಲ್ಲೆಲ್ಲಿದೆಯೆಂದು ನೋಡುವ ಪೆಟ್-ಸಿಟಿ ಸ್ಕ್ಯಾನಿಗಾಗಿ ವಿಕಿರಣ ಸೂಸುವ ಗ್ಲೂಕೋಸನ್ನು ರಕ್ತನಾಳಕ್ಕೆ ಕೊಡುತ್ತಾರೆಂದು ತಿಳಿದಾಗ, ಹೊಸದಾಗಿ ಮದುವೆಯಾಗಿದ್ದ ನಮ್ಮಿಬ್ಬರಿಗೂ ವೀರ್ಯಾಣುಗಳ ಗತಿಯೇನೆಂಬ ಭಯ ಹತ್ತಿತ್ತು. ಅವರು ಆ ಭಯವನ್ನು ಹಗುರವಾಗಿ ಕಾಣದೆ, ಆ ಗ್ಲೂಕೋಸಿನಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆಂದೂ, ಒಂದು ಸ್ಕ್ಯಾನಿನ ಈ ಮದ್ದಿನಿಂದ ವೃಷಣಗಳಿಗೆ ತಗಲುವುದು ಕೆಲವೇ ಮಿಲಿಗ್ರೇ (ದೇಹ ಹೀರಿಕೊಳ್ಳುವ ವಿಕಿರಣದ ಅಳತೆ) ಎಂದೂ, ವೀರ್ಯಾಣುಗಳ ಸಂಖ್ಯೆ ತಾತ್ಕಾಲಿಕವಾಗಿ ಇಳಿಯಬೇಕಾದರೂ ಸುಮಾರು 100ರಿಂದ 150 ಮಿಲಿಗ್ರೇ ತಗಲಬೇಕೆಂದೂ ವಿವರಿಸಿದರು. ಸಿಟಿಯ ಎಕ್ಸ್-ರೇಯ ಪಾಲನ್ನು ಕೂಡಿಸಿದರೂ ಲೆಕ್ಕ ಆ ಮಟ್ಟ ಮುಟ್ಟದು. ಧಾರಾಳವಾಗಿ ನೀರು ಕುಡಿದು ಆಗಾಗ ಮೂತ್ರ ಮಾಡಿದರೆ ಮೂತ್ರಕೋಶದಲ್ಲಿ ಮದ್ದು ನಿಲ್ಲುವುದಿಲ್ಲವೆಂಬ ಸಲಹೆಯೂ ಅವರದೇ. (ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ, ವಿಕಿರಣ ಸೂಸುವ ಅಯೋಡಿನ್-131 ಚಿಕಿತ್ಸೆಯ ಮಾತು ಬೇರೆ, ಅದಾದ ಮೇಲೆ ಗಂಡಸರೂ ಕೆಲವು ತಿಂಗಳು ಮಗುವಿನ ಯೋಚನೆಯನ್ನು ಮುಂದೂಡಬೇಕಾಗುತ್ತದೆ.)

ಆಮೇಲೆ ಅವರೇ, "ನೀವು ಯೋಚಿಸಬೇಕಾದದ್ದು ಸ್ಕ್ಯಾನಿನ ಬಗ್ಗೆ ಅಲ್ಲ, ಕೀಮೋ ಬಗ್ಗೆ. ವೀರ್ಯ ಶೇಖರಿಸಿಡುವ ವಿಷಯ ನಿಮ್ಮ ಕ್ಯಾನ್ಸರ್ ಡಾಕ್ಟರ ಹತ್ತಿರ ಇವತ್ತೇ ಮಾತಾಡಿ" ಎಂದರು. ಆ ಒಂದು ಮಾತಿಗೆ ನಮ್ಮ ಸಂಸಾರ ಸದಾ ಋಣಿ. ನನಗೆ ನಿಗದಿಯಾಗಿದ್ದ ಕೀಮೋ ಔಷಧಗಳಲ್ಲಿ ಪ್ರೊಕಾರ್ಬಜೀನ್, ಸೈಕ್ಲೋಫಾಸ್ಫಮೈಡ್ ಎರಡೂ ಇದ್ದವು. ವೀರ್ಯಾಣು ಹುಟ್ಟಿಸುವ ಮೂಲಕೋಶಗಳನ್ನೇ ಇವು ಕೊಲ್ಲಬಲ್ಲವು. ಕೀಮೋ ಶುರುವಾದ ಮೇಲೆ ಸಿಗುವ ವೀರ್ಯಾಣುಗಳಲ್ಲಿ ವಂಶವಾಹಿಯ ಹಾನಿಯ ಶಂಕೆ ಇರುವುದರಿಂದ, ಮೊದಲ ಡೋಸಿಗೆ ಮುಂಚೆಯೇ ಮಾದರಿ ಕೊಡಬೇಕಿತ್ತು. ಚಿಕಿತ್ಸೆ ತಡವಾಗದಂತೆ ಅದನ್ನು ಹೊಂದಿಸಿಕೊಟ್ಟ ಕ್ಯಾನ್ಸರ್ ವೈದ್ಯರಿಗೂ, ಸಂಕೋಚದಿಂದ ತಲೆ ತಗ್ಗಿಸಿ ಕುಳಿತಿದ್ದ ನನ್ನೊಡನೆ ಮನೆಯವರಂತೆ ಮಾತಾಡಿದ ವೀರ್ಯ ಬ್ಯಾಂಕಿನ ಸಿಸ್ಟರಿಗೂ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಆ ಮಾದರಿಗಳನ್ನು ವರ್ಷಗಟ್ಟಲೆ ಕಾಪಾಡಿದ ಪ್ರಯೋಗಾಲಯದವರಿಗೂ ಕೈಮುಗಿಯುತ್ತೇನೆ.

ಚಿಕಿತ್ಸೆಯ ನಂತರದ ಪರೀಕ್ಷೆಗಳಲ್ಲಿ ವೀರ್ಯಾಣುಗಳು ಕಾಣಲೇ ಇಲ್ಲ. ಶೇಖರಿಸಿಟ್ಟ ಮಾದರಿಯಿಂದ ಒಂದೊಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನದಿಂದ ನಮ್ಮ ಮಗಳು ಬಂದಳು. ಹಾರ್ಮೋನ್ ಚುಚ್ಚುಮದ್ದುಗಳ ನೋವನ್ನೆಲ್ಲ ಉಂಡವಳು ನನ್ನ ಹೆಂಡತಿ. ಇಂಥ ವಿಷಯವನ್ನು ಮನೆಯಲ್ಲಿ ನಾಚಿಕೆಯಿಲ್ಲದೆ ಮಾತಾಡಬಹುದೆಂದು ತೋರಿಸಿಕೊಟ್ಟು, ಶೇಖರಣೆಯ ವಾರ್ಷಿಕ ಶುಲ್ಕವನ್ನು ತಾವೇ ನೆನಪಿಟ್ಟು ಕಟ್ಟಿದ ಅತ್ತಿಗೆಗೂ ಅಣ್ಣನಿಗೂ ಇದೋ ನನ್ನ ನಮಸ್ಕಾರ.