ನಿನ್ನ ಕಾರಿನ ಎಡಗಡೆ

ಪುಟ್ಟಿ,

ನಿಧಾನಕ್ಕೆ ಓದು. ಒತ್ತಕ್ಷರ ತೊಡರಿದ ಕಡೆ ಅಮ್ಮನನ್ನು ಕೇಳು. ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ನಾವು ಹೋದ ಪೈನ್‌ವುಡ್ ಡರ್ಬಿ, ಅಂದರೆ ಮೋಟಾರಿಲ್ಲದ ಪುಟ್ಟ ಮರದ ಕಾರುಗಳನ್ನು ಇಳಿಜಾರಿನಲ್ಲಿ ಬಿಡುವ ರೇಸು, ಶುರುವಾದದ್ದು 1953ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್‌ನಲ್ಲಿ. ಮಕ್ಕಳೇ ಒಳಗೆ ಕೂತು ಓಡಿಸುವ ಸೋಪ್ ಬಾಕ್ಸ್ ರೇಸಿಗೆ, ಅಲ್ಲಿನ ಕಬ್ ಸ್ಕೌಟ್ಸ್ (ಸ್ಕೌಟ್ಸ್‌ನ ಚಿಕ್ಕ ಮಕ್ಕಳ ವಿಭಾಗ) ಗುಂಪನ್ನು ನಡೆಸುತ್ತಿದ್ದ ಡಾನ್ ಮರ್ಫಿ ಅವರ ಮಗನಿಗೆ ವಯಸ್ಸು ಸಾಲದಾಗಿತ್ತು. ಅದಕ್ಕೆ ಅವರು ಅಪ್ಪ-ಮಗ ಸೇರಿ ಮಾಡುವ ಪುಟ್ಟ ಕಾರಿನ ಉಪಾಯ ಹುಡುಕಿದರು. ಪೈನ್ ಮರದ ಒಂದು ತುಂಡು, ನಾಲ್ಕು ಚಕ್ರ, ಅವುಗಳ ಅಚ್ಚಿಗೆ ನಾಲ್ಕು ಮೊಳೆ. ಕಬ್ ಸ್ಕೌಟ್ಸ್‌ಗೆ ಹುಡುಗಿಯರನ್ನು ಸೇರಿಸಿಕೊಂಡದ್ದು 2018ರಲ್ಲಿ. ಇಲ್ಲದಿದ್ದರೆ ನಾವಿಬ್ಬರೂ ಗ್ಯಾರೇಜಿನಲ್ಲಿ ಹೀಗೆ ಕೂರುತ್ತಲೇ ಇರಲಿಲ್ಲ.

ನಿನ್ನ ವಯಸ್ಸಿನಲ್ಲಿ ನಾನು ಹವಾಯಿ ಚಪ್ಪಲಿ ಕತ್ತರಿಸಿ ಗಾಡಿಗೆ ಚಕ್ರ ಮಾಡುತ್ತಿದ್ದೆ. ದೊಡ್ಡವರು ಯಾರೂ ಹತ್ತಿರ ಬರುತ್ತಿರಲಿಲ್ಲ. ಚಪ್ಪಲಿ ಯಾರದ್ದು ಅಂತ ಗೊತ್ತಾದ ದಿನ ಮಾತ್ರ ತಾತ ಬಂದರು.

"ತೂಕ ಹಿಂದೆ ಯಾಕೆ ಇಡಬೇಕು?" ಅಂತ ನೀನು ಕೇಳಿದೆ. "ಹಾಗೇ ಇಡೋದು" ಅಂದೆ. ನೀನು ಬಿಡಲಿಲ್ಲ. ಹಲಗೆಯನ್ನು ಓರೆಯಾಗಿ ನಿಲ್ಲಿಸಿ, ನಾಣ್ಯಗಳನ್ನು ಒಮ್ಮೆ ಮೂತಿಗೆ, ಒಮ್ಮೆ ಬಾಲಕ್ಕೆ ಅಂಟಿಸಿ ಕಾರು ಬಿಟ್ಟೆ. ಊಟಕ್ಕೆ ಕರೆದರೂ ಏಳಲಿಲ್ಲ. ಆಮೇಲೆ ಕೂಗಿದೆ: "ಅಪ್ಪಾ, ಹಿಂದೆ ಇದ್ದರೆ ನಾಣ್ಯ ಜಾಸ್ತಿ ಎತ್ತರದಿಂದ ಇಳಿಯುತ್ತೆ!" ಮೋಟಾರಿಲ್ಲದ ಕಾರಿಗೆ ಆ ಎತ್ತರವೇ ಪೆಟ್ರೋಲು. ತೀರಾ ಹಿಂದಕ್ಕೆ ಸರಿಸಿದರೆ ಮೂತಿ ಎದ್ದು ಕಾರು ಅಡ್ಡಾದಿಡ್ಡಿ ಓಡುತ್ತದೆ ಅನ್ನುವುದನ್ನೂ ನೀನೇ ಕಂಡುಕೊಂಡೆ. ಮೊಳೆಯ ತಲೆಯ ಕೆಳಗಿನ ತರಿಯನ್ನು ಅರದಿಂದ ಉಜ್ಜಿ, ಚಕ್ರ ಸರಾಗವಾಗಿ ತಿರುಗಲಿ ಅಂತ ಗ್ರಾಫೈಟ್ ಪುಡಿ ಹಾಕಿದೆ. ಆ ಪುಡಿಯ ಕಪ್ಪು ಗುರುತು ಇನ್ನೂ ಫ್ರಿಜ್ ಬಾಗಿಲ ಮೇಲಿದೆ.

ಈಗ ವಿಷಯಕ್ಕೆ ಬರುತ್ತೇನೆ. ರೇಸಿಗೆ ಎರಡು ದಿನ ಮುಂಚೆ, ನೀನು ಮಲಗಿದ ಮೇಲೆ, ಕಾರಿನ ಎಡಗಡೆ ಸೊಟ್ಟಗೆ ಕಂಡಿತು. ಸುಮ್ನೆ ಸ್ವಲ್ಪ ಉಜ್ಜೋಣ ಅಂತ ಸ್ಯಾಂಡ್‌ಪೇಪರ್ ತೆಗೆದುಕೊಂಡೆ. ಹನ್ನೆರಡು ಗಂಟೆಯಾದರೂ ಉಜ್ಜುತ್ತಲೇ ಇದ್ದೆ. ನೀನು "ಆನೆ ಬೆನ್ನು" ಅನ್ನುತ್ತಿದ್ದ ಉಬ್ಬು ಹೋಗಿಬಿಟ್ಟಿತ್ತು. ಅದು ಸೊಟ್ಟ ಅಲ್ಲ, ನೀನು ಬೇಕೆಂದೇ ಬಿಟ್ಟದ್ದು ಅಂತ ಆಮೇಲೆ ಹೊಳೆಯಿತು.

ಬೆಳಿಗ್ಗೆ ನೀನು ಆ ಜಾಗದ ಮೇಲೆ ಬೆರಳಾಡಿಸಿದೆ. ನನ್ನನ್ನು ನೋಡಿದೆ. ಏನೂ ಕೇಳಲಿಲ್ಲ. ಬಲಗಡೆಗೆ ಮಾತ್ರ ಬಣ್ಣ ಹಚ್ಚಿದೆ.

ತೂಕ ನೋಡುವಲ್ಲಿ ಸರಿಯಾಗಿ 5 ಔನ್ಸ್ ಬಂತು. ಅದಕ್ಕಿಂತ ಒಂದು ಚೂರು ಜಾಸ್ತಿಯಾದರೂ ಬಿಡುವುದಿಲ್ಲ. ಟ್ರ್ಯಾಕಿನ ಪಕ್ಕ ಒಬ್ಬರು, "ಒಂದು ಕಡೆ ಬಣ್ಣ ಯಾಕಿಲ್ಲ?" ಅಂತ ಕೇಳಿದರು. "ಅದು ಅಪ್ಪನ ಕಡೆ" ಅಂದೆ ನೀನು. ಅವರು ನಕ್ಕರು. ನನಗೆ ನಗು ಬರಲಿಲ್ಲ. ನಾಲ್ಕು ಕಾರಿನಲ್ಲಿ ನಿನ್ನದು ಮೂರನೆಯದಾಗಿ ಬಂತು. ನೀನು ಕುಣಿದಾಡಿದೆ. ನಾನು ಮಾತ್ರ ಟೈಮರಿನ ಅಂಕಿ ನೋಡುತ್ತಾ ನಿಂತಿದ್ದೆ.

ತಪ್ಪಾಯಿತು, ಪುಟ್ಟಿ. ಕೇಳದೆ ಮುಟ್ಟಬಾರದಿತ್ತು.

ಮುಂದಿನ ವರ್ಷದ ಕಾರಿನ ಸಾಮಾನಿನ ಡಬ್ಬಿ ನಿನ್ನ ಮೇಜಿನ ಮೇಲಿದೆ. ನಾನು ತೆರೆದಿಲ್ಲ. ಗರಗಸ ಹಿಡಿಯುವಾಗ ಮಾತ್ರ ನನ್ನನ್ನು ಕರಿ.

ನಿನ್ನ
ಅಪ್ಪ